ಟಿಕ್ ಬಿದ್ದರೆ ಸಾಲದು

ಕೇಳುಗರಿಗೆ ನಮಸ್ಕಾರ.

ಕರೆಂಟ್ ಬಿಲ್ ಕಟ್ಟುವ ಜಾಲತಾಣವನ್ನೇ ತೆಗೆದುಕೊಳ್ಳೋಣ. ಕಣ್ಣು ಕಾಣದವರು, ಕೈ ನಡುಗುವವರು ಅದನ್ನು ಬಳಸಬಲ್ಲರೇ? ತಿಳಿಯಲು ಎರಡು ದಾರಿ. ಜಾಲತಾಣ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡದೊಂದಿಗೆ ತಾಳೆ ನೋಡುವುದು ಒಂದು. ಬಳಸುವವರ ಕೈಗೇ ಕೊಟ್ಟು ನೋಡುವುದು ಇನ್ನೊಂದು.

ತಾಳೆ ನೋಡುವ ಕೆಲಸ ಮೊದಲು ಮುಗಿಯಬೇಕು. ಆ ಮಾನದಂಡದ 2023ರ 2.2 ಆವೃತ್ತಿಯ ಎಎ ಎಂಬ ನಡುವಿನ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಬೇಕು. ಪರದೆಯ ಮೇಲಿನ ಹೆಸರಿಲ್ಲದ ಗುಂಡಿಯನ್ನು (ಬಟನ್) ಪರೀಕ್ಷಕ ತಂತ್ರಾಂಶವೇ ಹಿಡಿದುಕೊಡುತ್ತದೆ. ಇಷ್ಟನ್ನೂ ಸರಿಪಡಿಸದೆ ಜನರನ್ನು ಕರೆಸಿದರೆ ಅವರ ಸಮಯವೆಲ್ಲ ಮೊದಲ ಗುಂಡಿಯಲ್ಲೇ ಕಳೆಯುತ್ತದೆ. ಅದು ಅನ್ಯಾಯ.

ಆದರೆ ಚಿತ್ರಕ್ಕೆ 'ಚಿತ್ರ ಒಂದು' ಎಂದು ಬರೆದಿಟ್ಟರೂ ವಿವರಣೆ ಇದೆ ಎಂದು ತಂತ್ರಾಂಶ ಒಪ್ಪಿಬಿಡುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಬಳಸದ ಹಳೆಯ ನುಡಿ, ಬರಹ ಫಾಂಟುಗಳ ಪಿಡಿಎಫ್ ಕಣ್ಣಿಗೆ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಗೊಣಗಾಟವಾಗಿ ಓದುತ್ತದೆ. ಕಿವಿಗೊಟ್ಟು ಕೇಳುವವರಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಹಾಗಾಗಿ ಐದಾರು ಜನರನ್ನು ಕರೆಯಿರಿ, ಅವರವರ ಫೋನನ್ನೇ ತರಲು ಹೇಳಿ. ಧ್ವನಿಯ ವೇಗ, ಬೆರಳಾಡಿಸುವ ರೀತಿ ಎಲ್ಲ ಅದರಲ್ಲೇ ಒಗ್ಗಿರುತ್ತದೆ. "ಈ ತಿಂಗಳ ಬಿಲ್ ಕಟ್ಟಿ" ಎನ್ನಿ, ಸಾಕು. ಗುಂಡಿಯ ಹೆಸರು ಹೇಳಿದರೆ ಉತ್ತರ ಹೇಳಿಕೊಟ್ಟಂತೆ. ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಮಾತಾಡುತ್ತಿರುವಾಗ ನೀವು ಮಾತಾಡಬೇಡಿ, ಪ್ರಶ್ನೆಗಳನ್ನು ಕೊನೆಗೆ ಕೇಳಿ. ತಡವರಿಸಿದರೆ ಕೂಡಲೇ ಕೈಹಾಕಬೇಡಿ. ಎಲ್ಲಿ, ಎಷ್ಟು ಹೊತ್ತು ಎಂದು ಬರೆದುಕೊಳ್ಳಿ.

ಹೆಚ್ಚಾಗಿ ಸಿಕ್ಕಿಬೀಳುವುದು ಒಟಿಪಿಯಲ್ಲಿ. ಸಂದೇಶ ತೆರೆದು ಅಂಕಿಗಳನ್ನು ಕೇಳಿ, ನೆನಪಿಟ್ಟುಕೊಂಡು ಮರಳುವಷ್ಟರಲ್ಲಿ ಸ್ಕ್ರೀನ್ ರೀಡರ್ ಓದುತ್ತಿದ್ದ ಜಾಗದ ಗುರುತು ಪುಟದ ತಲೆಗೆ ಹಾರಿರುತ್ತದೆ. ಒಂದೊಂದೇ ಅಂಶ ದಾಟಿ ಖಾನೆ ತಲುಪುವಾಗ ಅವಧಿ ಮುಗಿದಿರುತ್ತದೆ. ಪ್ರತಿ ಖಾನೆಗೂ ಹೆಸರಿದೆ ಎಂದು ಪಟ್ಟಿಯಲ್ಲಿ ಟಿಕ್ ಬಿದ್ದಿರುತ್ತದೆ, ಬಿಲ್ ಮಾತ್ರ ಕಟ್ಟಿರುವುದಿಲ್ಲ.

ಹಾಗೆಂದು ಮಾನದಂಡ ಬಿಡುವಂತಿಲ್ಲ. ಕಣ್ಣು ಕಾಣದ ಐವರು ಸಲೀಸಾಗಿ ಬಿಲ್ ಕಟ್ಟಿದರೂ ಮಂದದೃಷ್ಟಿಯವರಿಗೆ ಬೇಕಾದ ಬಣ್ಣದ ಬಗ್ಗೆ ಅದರಿಂದ ಏನೂ ತಿಳಿಯದು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ 21 ಬಗೆಯ ಅಂಗವೈಕಲ್ಯಗಳಿವೆ. ಅಷ್ಟೂ ಬಗೆಯವರು ಒಂದು ಪರೀಕ್ಷೆಗೆ ಸಿಗುವುದಿಲ್ಲ.

ಬಂದವರಿಗೆ ಸಂಭಾವನೆ ಕೊಡಿ, ಜೊತೆಗೆ ಬಂದವರ ಪ್ರಯಾಣದ ಖರ್ಚನ್ನೂ ಸೇರಿಸಿ. ತಪ್ಪು ತಿದ್ದಿದ ಮೇಲೆ ಅದೇ ಬಿಲ್ಲಿನ ಕೆಲಸವನ್ನು ಮತ್ತೊಮ್ಮೆ ಮಾಡಿಸಿ ನೋಡಿ.