ಮುದ್ದೆ ಲೆಕ್ಕ ಕಪ್ಪುಕುಳಿಗೆ ನಡೆಯಲ್ಲ

ಮಂಡ್ಯದವರಿಗೆ ಮುದ್ದೆ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಟು ಮುದ್ದೆಯಷ್ಟು ಹಿಟ್ಟು ತೊಳಸಿ ಒಂದೇ ಮುದ್ದೆ ಕಟ್ಟಿದರೆ, ಅದರ ಅಡ್ಡಳತೆ ಎರಡೇ ಪಟ್ಟಾಗುತ್ತೆ. ಎರಡರ ಘನ ಎಂಟು, ಅದಕ್ಕೇ. ಆದರೆ ಕಪ್ಪುಕುಳಿಯ (ಬೆಳಕೂ ಹೊರಬರಲಾಗದಷ್ಟು ಗುರುತ್ವ ಇರೋ ಬ್ಲ್ಯಾಕ್ ಹೋಲ್) ದ್ರವ್ಯರಾಶಿ ಎಂಟು ಪಟ್ಟಾದರೆ ತ್ರಿಜ್ಯವೂ ಪೂರ್ತಿ ಎಂಟು ಪಟ್ಟಾಗುತ್ತೆ. ಮಕ್ಕಳಿಗೆ ಕಪ್ಪುಕುಳಿ ಪಾಠ ಇಲ್ಲಿಂದ ಶುರುವಾಗಬೇಕು ಅನ್ನೋದು ನನ್ನ ವಾದ. "ಬೆಳಕನ್ನೂ ನುಂಗೋ ರಾಕ್ಷಸ" ಅಂತ ಹೆದರಿಸಿ ಬಿಟ್ಟರೆ ಅವರ ಕೈಗೆ ಏನೂ ಸಿಗಲ್ಲ.

ಇಲ್ಲಿ ನಾವು ಅಳೆಯೋದು ಘಟನಾ ದಿಗಂತವನ್ನ, ಅಂದರೆ ದಾಟಿದ ಮೇಲೆ ಬೆಳಕೂ ವಾಪಸ್ ಬರಲಾಗದ ಎಲ್ಲೆಯನ್ನ. ತಿರುಗದ ಕಪ್ಪುಕುಳಿಗೆ ಲೆಕ್ಕ ಹೀಗೆ: ಗುರುತ್ವ ಸ್ಥಿರಾಂಕವನ್ನ ದ್ರವ್ಯರಾಶಿಯಿಂದ ಗುಣಿಸಿ, ಎರಡರಷ್ಟು ಮಾಡಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ. ಸೂರ್ಯನ ದ್ರವ್ಯರಾಶಿ ಹಾಕಿದರೆ ಹತ್ತಿರ ಹತ್ತಿರ 3 ಕಿಲೋಮೀಟರ್ ಬರುತ್ತೆ. ತುಂಬ ಜನ ಎಡವೋದು ವರ್ಗ ಮಾಡೋದನ್ನ ಮರೆತು. ಆಗ ಉತ್ತರ 89 ಕೋಟಿ ಕಿಲೋಮೀಟರ್, ಗುರುಗ್ರಹದ ಕಕ್ಷೆಯನ್ನೂ ದಾಟಿಬಿಡುತ್ತೆ! ಇನ್ನೊಂದು ತಪ್ಪು, ಬಂದ ತ್ರಿಜ್ಯವನ್ನೇ ವ್ಯಾಸ ಅಂದುಕೊಳ್ಳೋದು.

ಒಬ್ಬ ಸೂರ್ಯನಿಗೆ 3 ಕಿಲೋಮೀಟರ್, ಇಷ್ಟು ನೆನಪಿಟ್ಟರೆ ಸಾಕು. 15 ಸೂರ್ಯರಷ್ಟಿದ್ದರೆ ತ್ರಿಜ್ಯ 45 ಕಿಲೋಮೀಟರ್, ಮೈಸೂರಿಂದ ಮಂಡ್ಯಕ್ಕೆ ರಸ್ತೆಯಲ್ಲಿ ಆಗುವಷ್ಟು. ನಮ್ಮ ಆಕಾಶಗಂಗೆಯ ನಡುವೆ ಇರೋ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ಭಾರ, ಅದರ ತ್ರಿಜ್ಯ 1 ಕೋಟಿ 27 ಲಕ್ಷ ಕಿಲೋಮೀಟರ್. ಭೂಮಿಯನ್ನೇ ಕಪ್ಪುಕುಳಿ ಮಾಡಿದರೆ? 9 ಮಿಲಿಮೀಟರ್. ಒಂದು ಗೋಲಿ.

ತ್ರಿಜ್ಯ ಹತ್ತು ಪಟ್ಟಾದರೆ ಒಳಗಿನ ಜಾಗ ಸಾವಿರ ಪಟ್ಟಾಗುತ್ತೆ, ದ್ರವ್ಯ ಮಾತ್ರ ಹತ್ತೇ ಪಟ್ಟು. ಹಾಗಾಗಿ ದಿಗಂತದೊಳಗಿನ ಸರಾಸರಿ ಸಾಂದ್ರತೆ ನೂರನೇ ಒಂದು ಭಾಗಕ್ಕೆ ಇಳಿಯುತ್ತೆ. ನಮ್ಮ ಆಕಾಶಗಂಗೆಯಂಥದ್ದೇ ಇನ್ನೊಂದು ಗ್ಯಾಲಕ್ಸಿ ಎಂ87, ಅದರ ನಡುವಿನ ಕಪ್ಪುಕುಳಿ 650 ಕೋಟಿ ಸೂರ್ಯರಷ್ಟು ಭಾರ. ಅದರ ಸರಾಸರಿ ಒಂದು ಘನ ಮೀಟರಿಗೆ ಅರ್ಧ ಕೆ.ಜಿ.ಗೂ ಕಡಿಮೆ. ಚಾಮುಂಡಿ ಬೆಟ್ಟದ ಮೇಲೆ ಬೀಸೋ ಗಾಳಿಯೇ ಘನ ಮೀಟರಿಗೆ ಸುಮಾರು ಒಂದು ಕೆ.ಜಿ. ತೂಗುತ್ತೆ! "ಕಪ್ಪುಕುಳಿ ಅಂದರೆ ಊಹಿಸಲಾಗದ ಸಾಂದ್ರತೆ" ಅಂತ ಸಾರಾಸಗಟಾಗಿ ಹೇಳೋರು ಈ ಒಂದು ಲೆಕ್ಕ ಮಾಡಿ ನೋಡಬೇಕು. ನಟ್ಟನಡುವೆ ಏನಿದೆ ಅನ್ನೋದು ಬೇರೆಯದೇ ಪ್ರಶ್ನೆ, ಎರಡನ್ನೂ ಕಲಸಬೇಡಿ.

ಕಪ್ಪುಕುಳಿ ತಿರುಗುತ್ತಿದ್ದರೆ ದಿಗಂತ ಕುಗ್ಗುತ್ತೆ, ಗರಿಷ್ಠ ವೇಗದಲ್ಲಿ ಅರ್ಧದವರೆಗೂ.

2019ರಲ್ಲಿ ಬಿಡುಗಡೆಯಾದ ಎಂ87 ಕಪ್ಪುಕುಳಿಯ ಫೋಟೋವನ್ನ ಸ್ಕೇಲ್ ಇಟ್ಟು ಅಳೆಯೋರಿಗೆ ಒಂದು ಮಾತು. ನಡುವಿನ ಕಪ್ಪು ಭಾಗ ದಿಗಂತ ಅಲ್ಲ, ನೆರಳು. ಗುರುತ್ವ ಬೆಳಕಿನ ದಾರಿಯನ್ನೇ ಬಾಗಿಸೋದರಿಂದ ಆ ನೆರಳು ದಿಗಂತದ ಸುಮಾರು 2.6 ಪಟ್ಟು ಅಗಲ ಕಾಣುತ್ತೆ. ಮೊದಲು ಆ ಅಗಲವನ್ನ 2.6ರಿಂದ ಭಾಗಿಸಿ, ಬಂದ ವ್ಯಾಸವನ್ನ ಅರ್ಧ ಮಾಡಿ, ಆಮೇಲೆ 3 ಕಿಲೋಮೀಟರ್ ಲೆಕ್ಕಕ್ಕೆ ಹೋಲಿಸಿ.