ಐದು ಜಾಗ, 296 ಪಂದ್ಯ, ಗಾಯದ ರಜೆ ಸೊನ್ನೆ

ನಮಸ್ಕಾರ! ಹತ್ತಿರ ಹತ್ತಿರ 140 ಕೆಜಿ ತೂಗುವವರು ವಾರವಾರ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಕೆಲಸ. ಅದನ್ನು 19 ಸೀಸನ್ ಮಾಡಿ, ಗಾಯ ಅಂತ ಒಂದು ಪಂದ್ಯವನ್ನೂ ಬಿಡದೆ ಇರುವುದು ಸಾಧ್ಯನಾ? ಬ್ರೂಸ್ ಮ್ಯಾಥ್ಯೂಸ್ ಇದ್ದರು. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1983ರಿಂದ 2001ರವರೆಗೆ 296 ಪಂದ್ಯ.

ಬೇಸಿಕ್ ಬೇಗ ಮುಗಿಸೋಣ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮೈಮೇಲೆ ಬೀಳಲು ಬರುವವರನ್ನು ತಡೆಯಲು ಮುಂದೆ ಐದು ಜನರ ಗೋಡೆ. ನಡುವೆ ಸೆಂಟರ್, ಅಕ್ಕಪಕ್ಕ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಇದೇ ಆಫೆನ್ಸಿವ್ ಲೈನ್. ಇವರ ಹೆಸರು ಟಿವಿಯಲ್ಲಿ ಕೇಳಿಬರುವುದು ಹೆಚ್ಚಾಗಿ ತಪ್ಪು ಮಾಡಿದಾಗ. ಪಾಪ.

ಬ್ರೂಸ್ ಈ ಐದೂ ಜಾಗದಲ್ಲಿ ಆಡಿದವರು. ಮೊದಲ ಹನ್ನೊಂದರಲ್ಲಿ ಇಳಿದ ಲೆಕ್ಕ ನೋಡಿ: ಲೆಫ್ಟ್ ಗಾರ್ಡ್ 99, ಸೆಂಟರ್ 87, ರೈಟ್ ಗಾರ್ಡ್ 67, ರೈಟ್ ಟ್ಯಾಕಲ್ 22, ಲೆಫ್ಟ್ ಟ್ಯಾಕಲ್ 17.

ಎಡಗಡೆಯಿಂದ ಬಲಗಡೆಗೆ ಜರುಗಿ ನಿಂತರೆ ಏನ್ ಮಹಾ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮಾವನ ಹಳೇ ಬುಲೆಟ್ ನೆನಪಾಯಿತು. ಅದರಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಈಗಿನ ಬೈಕ್‌ಗಳಿಗೆ ಪೂರ್ತಿ ಉಲ್ಟಾ. ತಿರುವಿನಲ್ಲಿ ಬ್ರೇಕ್ ಅಂತ ಬಲಗಾಲು ಒತ್ತಿದೆ, ಗೇರ್ ಬಿತ್ತು. ಬೈಕ್ ನಿಲ್ಲಿಸಿದ್ದು ಎದುರಿಗಿದ್ದ ಕಾಂಪೌಂಡ್ ಗೋಡೆ! ತಲೆಗೆ ಎಲ್ಲ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಲೈನ್‌ನಲ್ಲೂ ಅದೇ ಕಥೆ. ಎಡ ತುದಿಯವನು ಎಡಗೈ ನೆಲಕ್ಕೆ ಊರಿ, ಎಡಗಾಲು ಹಿಂದಿಟ್ಟು ಕೂರುತ್ತಾನೆ. ಬಲ ತುದಿಗೆ ಹೋದರೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ. ಸೆಂಟರ್ ಅಂತೂ ಬೇರೆಯೇ ಗಾಡಿ. ಬಗ್ಗಿ ಕಾಲುಗಳ ನಡುವಿನಿಂದ ಚೆಂಡು ಹಿಂದಕ್ಕೆ ಕೊಡಬೇಕು, ಆ ಕೈ ವಾಪಸ್ ಬರುವಷ್ಟರಲ್ಲಿ ಎದುರಾಳಿ ಎದೆಗೆ ಬಂದಿರುತ್ತಾನೆ. ಸಾಲದು ಅಂತ ಬ್ರೂಸ್ ಲಾಂಗ್ ಸ್ನ್ಯಾಪರ್ ಕೂಡ ಆಗಿದ್ದರು. ಅಂದರೆ ತಲೆ ಕೆಳಗೆ ಮಾಡಿ, ಸುಮಾರು 14 ಮೀಟರ್ ಹಿಂದೆ ನಿಂತ ಪಂಟರ್, ಅಂದರೆ ಚೆಂಡನ್ನು ದೂರ ಒದೆಯುವವನ, ಕೈಗೆ ಚೆಂಡು ಗಿರಗಿರ ತಿರುಗಿಸಿ ಎಸೆಯುವುದು. ನಾನಾದರೆ ಪ್ರೇಕ್ಷಕರ ಕೈಗೆ ಕೊಡುತ್ತಿದ್ದೆ.

ಅಯ್ಯೋ, ಬುಲೆಟ್‌ನಲ್ಲೇ ಅರ್ಧ ವಿಡಿಯೋ ಹೋಯಿತು. ಉಳಿದಿದ್ದು ಒಂದೇ ಉಸಿರಿಗೆ. ಹಾಗಾದರೆ ಬ್ರೂಸ್ ಪಂದ್ಯ ತಪ್ಪಿಸಲೇ ಇಲ್ಲವಾ? 1987ರಲ್ಲಿ ಎಂಟು ತಪ್ಪಿಸಿದರು, ಅದು ಸಂಬಳದ ಜಗಳಕ್ಕೆ. ಅವರು ತಂಡ ಬಿಡಲಿಲ್ಲ, ತಂಡವೇ ಊರು ಬಿಟ್ಟಿತು: ಹ್ಯೂಸ್ಟನ್, ಆಮೇಲೆ ಮೆಂಫಿಸ್, ಆಮೇಲೆ ನ್ಯಾಶ್‌ವಿಲ್. 1999ರಲ್ಲಿ ಆಯಿಲರ್ಸ್ ಅನ್ನುವ ಹೆಸರೂ ಟೈಟನ್ಸ್ ಆಯಿತು. ಆ ಸೀಸನ್ನಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ತಂಡದ ಕೊನೇ ಪ್ರಯತ್ನ ಅಂಕದ ಗೆರೆಗೆ ಒಂದು ಗಜ ದೂರದಲ್ಲಿ ನಿಂತುಹೋಯಿತು. ಅವರಿಗೆ ಕಪ್ ಸಿಗಲೇ ಇಲ್ಲ, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸೀಸನ್ನಿನ ಆಯ್ದ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ 14 ಸಲ ಆಯ್ಕೆ, 2007ರಲ್ಲಿ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್. ಅಣ್ಣ ಕ್ಲೇ ಕೂಡ 19 ಸೀಸನ್ ಆಡಿದವರೇ. ಮಗ ಜೇಕ್ 2014ರಿಂದ ಅಟ್ಲಾಂಟಾ ಫಾಲ್ಕನ್ಸ್‌ನಲ್ಲಿ ಲೆಫ್ಟ್ ಟ್ಯಾಕಲ್. ಅವರೂ ರಜೆ ಹಾಕುವುದು ಕಮ್ಮಿ. ಆದರೆ ಅಪ್ಪನ ಹಾಗಲ್ಲ, ಒಂದೇ ಗಾಡಿ ಓಡಿಸುತ್ತಾರೆ.