ಗಿರಣಿ ಓಡಿತು, ಸಾಹುಕಾರರು ನಡೆಸಿದರು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಮೂರೇ ಅಕ್ಷರದ ಪದ. ರನ್. ಇಂಗ್ಲಿಷ್ ಬಾರದವರಿಗೂ ಇದು ಗೊತ್ತು. ದಾವಣಗೆರೆಯ ಯಾವ ಮೈದಾನದ ಹತ್ತಿರ ನಿಂತರೂ ಕ್ರಿಕೆಟ್ ಆಡುವ ಹುಡುಗರು, 'ಇನ್ನೊಂದು ರನ್ ಓಡೋ' ಎಂದು ಕೂಗುವುದು ಕೇಳಿಸುತ್ತದೆ. ರನ್ ಅಂದರೇ ಓಟ. ಹಾಗಾದರೆ ಅದು 'ಇನ್ನೊಂದು ಓಟ ಓಡೋ' ಅಂದ ಹಾಗಾಯ್ತು, ಅಲ್ವಾ? ಆದರೆ ನಮಗೆ ಹಾಗೆ ಅನ್ನಿಸುವುದೇ ಇಲ್ಲ. ಕ್ರಿಕೆಟ್‌ನಲ್ಲಿ ರನ್ ಅಂದರೆ ಲೆಕ್ಕ. ಬ್ಯಾಟು ಬೀಸಿ ಸಿಕ್ಸರ್ ಹೊಡೆದವನು ಒಂದು ಹೆಜ್ಜೆಯೂ ಓಡುವುದಿಲ್ಲ, ಆದರೂ ಆರು ರನ್ ಸಿಗುತ್ತದೆ.

ಈ ಚಿಕ್ಕ ಪದದ ಹೊಟ್ಟೆ ಎಷ್ಟು ದೊಡ್ಡದು ಅಂತೀರಿ? ಇಂಗ್ಲಿಷಿನ ದೊಡ್ಡ ನಿಘಂಟು ಅಂದರೆ ಆಕ್ಸ್‌ಫರ್ಡ್. ಅದರ ಎರಡನೇ ಆವೃತ್ತಿ 1989ರಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದು 'ಸೆಟ್' ಎನ್ನುವ ಪದ. ಆಮೇಲೆ ನಿಘಂಟನ್ನು ಹೊಸದಾಗಿ ತಿದ್ದುವ ಕೆಲಸ ನಡೆಯಿತು. ಆಗ ರನ್ ಮುಂದೆ ಬಂತು. ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಗುರುತಿಸಿದರು. ಆ ಒಂದು ಪದವನ್ನು ತಿದ್ದುವುದಕ್ಕೇ ಸಂಪಾದಕರೊಬ್ಬರಿಗೆ ತಿಂಗಳುಗಟ್ಟಲೆ ಹಿಡಿಯಿತು.

ರನ್ ಹಿಂದೆ ಇಷ್ಟು ದೊಡ್ಡದಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲೇ ಅದಕ್ಕೆ ಓಡು, ಹರಿ ಎನ್ನುವ ಎರಡು ಅರ್ಥಗಳಿದ್ದವು. ಕಾಲು ಓಡಿದರೂ ರನ್, ನೀರು ಹರಿದರೂ ರನ್. ಅದು ಇಷ್ಟು ಬೆಳೆದದ್ದಕ್ಕೆ ದೊಡ್ಡ ಕಾರಣ ಯಂತ್ರಗಳು. ಗಿರಣಿ ಬಂತು, ರೈಲು ಬಂತು, ಆಮೇಲೆ ಕಂಪ್ಯೂಟರ್ ಬಂತು. ಎಲ್ಲವೂ ರನ್ ಆಗತೊಡಗಿದವು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು. ನಮ್ಮ ದಾವಣಗೆರೆಗೂ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿತ್ತು. ಇಲ್ಲೂ ಹತ್ತಿ ಗಿರಣಿಗಳೇ ಊರನ್ನು ಬೆಳೆಸಿದ್ದು.

ಈಗ ಆ ಗಿರಣಿಯನ್ನೇ ತಗೊಳ್ಳಿ. ಮಷೀನು ಕೆಲಸ ಮಾಡುತ್ತಿದ್ದರೆ ಇಂಗ್ಲಿಷಿನಲ್ಲಿ ಅದು ರನ್. ಸಾಹುಕಾರರು ಲೆಕ್ಕಪತ್ರ, ಆಳುಕಾಳು ನೋಡಿಕೊಂಡರೆ ಅದೂ ರನ್. ಒಂದೇ ಪದ. ಕನ್ನಡದಲ್ಲಿ ಹಾಗಾಗುವುದಿಲ್ಲ. ಗಿರಣಿ ಓಡುತ್ತಿತ್ತು. ಸಾಹುಕಾರರು ಗಿರಣಿ ನಡೆಸುತ್ತಿದ್ದರು. ಮಷೀನಿಗೆ ಓಟ, ಮಾಲೀಕರಿಗೆ ನಡಿಗೆ!

ಇದು ಗಿರಣಿಗಷ್ಟೇ ಅಲ್ಲ. ನಮ್ಮೂರಲ್ಲಿ ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತಾರೆ, ಶಾಲೆ ನಡೆಸುತ್ತಾರೆ, ಮನೆ ನಡೆಸುತ್ತಾರೆ, ಸಂಘ ನಡೆಸುತ್ತಾರೆ. 'ಅವರು ಹೋಟೆಲ್ ಓಡಿಸ್ತಾರೆ' ಅಂದರೆ ಹೋಟೆಲಿಗೆ ಗಾಲಿ ಇದೆಯೋ ಏನೋ ಅನ್ನಿಸುತ್ತದೆ. ಬಸ್ಸು, ಟ್ರ್ಯಾಕ್ಟರು, ಬೋರಿನ ಮೋಟರು ಮಾತ್ರ ಓಡುತ್ತವೆ. ಸಿನಿಮಾ ಕೂಡ ನೂರು ದಿನ ಓಡುತ್ತದೆ. ತಲೆಯೂ ಓಡುತ್ತದೆ, ಪರೀಕ್ಷೆಯ ದಿನ ಓಡುವುದಿಲ್ಲ, ಅದು ಬೇರೆ ಮಾತು. ವ್ಯಾಪಾರದ ವಿಷಯ ಮಾತ್ರ ಮಜಾ. 'ವ್ಯಾಪಾರ ಹೆಂಗೆ ನಡೀತಿದೆ?' ಅಂತ ಕೇಳಿದರೆ, 'ಏನೋ ಓಡ್ತಾ ಇದೆ' ಅನ್ನುತ್ತಾರೆ. ಇಲ್ಲಿ ಓಡ್ತಾ ಇದೆ ಅಂದರೆ ಜೋರಾಗಿದೆ ಅಂತ ಅಲ್ಲ. ಹೇಗೋ ದಿನ ದೂಡುತ್ತಿದ್ದೇವೆ ಅಂತ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇರುತ್ತದೆ. ರನ್ ಎದುರಿಗೆ ಜೋರಾಗಿ ಓಡುವ ಸ್ಪ್ರಿಂಟ್, ತಪ್ಪಿಸಿಕೊಂಡು ಓಡುವ ಫ್ಲೀ, ಹರಿಯುವ ಫ್ಲೋ, ಯಂತ್ರ ನಡೆಸುವ ಆಪರೇಟ್, ವ್ಯವಹಾರ ನೋಡಿಕೊಳ್ಳುವ ಮ್ಯಾನೇಜ್ ಅಂತ ಸಾಲಾಗಿ ಕೊಟ್ಟಿರುತ್ತಾರೆ. ಈ ಪಟ್ಟಿಗಳ ಮೇಲೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಸಮಾನಾರ್ಥಕ ಎಂದು ಹೆಸರು, ಆದರೆ ಅಲ್ಲಿರುವ ಪದಗಳು ಒಂದಕ್ಕೊಂದು ಸಮಾನ ಅಲ್ಲವೇ ಅಲ್ಲ. ಹರಿಹರದಲ್ಲಿ ತುಂಗಭದ್ರೆ ಫ್ಲೋ ಆಗುತ್ತದೆ, ಸ್ಪ್ರಿಂಟ್ ಮಾಡುವುದಿಲ್ಲ. ಅಂಗಡಿಯನ್ನು ಮ್ಯಾನೇಜ್ ಮಾಡಬಹುದು, ಫ್ಲೀ ಮಾಡಿದರೆ ಸಾಲ ಕೊಟ್ಟವರು ಹುಡುಕಿಕೊಂಡು ಬರುತ್ತಾರೆ. ಯಾರು ರನ್ ಆಗುತ್ತಿದ್ದಾರೆ, ಯಾವುದು ರನ್ ಆಗುತ್ತಿದೆ ಅಂತ ಮೊದಲು ಕೇಳಿಕೊಳ್ಳಿ. ಪಕ್ಕದ ಪದವನ್ನು ಬಿಟ್ಟು ಬರೀ ರನ್ ಅನ್ನು ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ.

ಬರೀ ಕಾಲಿನ ಓಟವನ್ನೇ ನೋಡಿ. ಇಂಗ್ಲಿಷಿನವರು ಪ್ರತಿ ಓಟಕ್ಕೂ ಬೇರೆ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ನೂರು ಮೀಟರಿನ ಜೋರು ಓಟ ಸ್ಪ್ರಿಂಟ್. ಬೆಳಗಿನ ಆರೋಗ್ಯದ ಓಟ ಜಾಗ್. ಜೀವ ಉಳಿಸಿಕೊಳ್ಳುವ ಓಟ ಫ್ಲೀ. ಕುದುರೆ ಬೆದರಿ ಕಿತ್ತರೆ ಬೋಲ್ಟ್. ಇಲಿ ಗೋಡೆ ಬದಿಯಲ್ಲಿ ಓಡಿದರೆ ಸ್ಕರಿ. ನಾವು ಏನು ಮಾಡುತ್ತೇವೆ? ಓಡು ಅನ್ನುವುದನ್ನು ಹಾಗೇ ಇಟ್ಟುಕೊಂಡು ಅದರ ಮೊದಲು ಸದ್ದು ಸೇರಿಸುತ್ತೇವೆ. ಇಲಿ ಸರಸರ ಓಡಿತು. ಎಮ್ಮೆ ದಡದಡ ಓಡಿತು. ಹುಡುಗ ಎದ್ದೆನೋ ಬಿದ್ದೆನೋ ಅಂತ ಓಡಿದ. ನಮ್ಮಲ್ಲೂ ಬೇರೆ ಪದಗಳು ಇಲ್ಲ ಅಂತಲ್ಲ. ಕುದುರೆಯ ಸಣ್ಣ ಓಟ ಕುಕ್ಕುಲೋಟ, ನಾಲ್ಕೂ ಕಾಲು ಎತ್ತಿ ಓಡಿದರೆ ನಾಗಾಲೋಟ. ಪೊಲೀಸರ ಕಣ್ಣು ತಪ್ಪಿಸಿದವನು ಪರಾರಿಯಾಗುತ್ತಾನೆ. ಜಗಳ ಜೋರಾದಾಗ ಮೆಲ್ಲಗೆ ಜಾಗ ಖಾಲಿ ಮಾಡುವವನು ಕಾಲಿಗೆ ಬುದ್ಧಿ ಹೇಳುತ್ತಾನೆ. ಆದರೆ ಹುಡುಗ ಹುಡುಗಿ ಮನೆಯವರಿಗೆ ಹೇಳದೆ ಮದುವೆಯಾದರೆ ಅವರು ಪರಾರಿಯಲ್ಲ, 'ಓಡಿಹೋದರು'. ಬಸ್ಸಿನಲ್ಲಿ ಆರಾಮಾಗಿ ಕುಳಿತು ಹೋಗಿದ್ದರೂ ಸರಿ!

ನೀರಿನ ವಿಷಯಕ್ಕೆ ಬಂದರೆ ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ರೈತರಿಗೆ ನೀರು ಬಂದದ್ದು, ಹೋದದ್ದು ಎರಡೂ ಗೊತ್ತು. ನದಿಯಲ್ಲಿ ನೀರು ಇಲ್ಲವಾದರೆ ಇಂಗ್ಲಿಷಿನಲ್ಲಿ ನದಿ 'ರನ್ಸ್ ಡ್ರೈ' ಅನ್ನುತ್ತಾರೆ. ಇಲ್ಲದ ನೀರು ಓಡುವುದು ಎಲ್ಲಿಂದ ಬಂತು ಅಂತ ನನಗೆ ಯಾವತ್ತೂ ನಗು ಬರುತ್ತದೆ. ನಾವು ಬತ್ತಿತು ಅನ್ನುತ್ತೇವೆ. ನೀರು ತುಂಬಿ ಅಂಚು ದಾಟಿದರೆ ಅವರದು 'ರನ್ಸ್ ಓವರ್', ನಮ್ಮದು ಕೋಡಿ ಬಿತ್ತು. ವೇದಾವತಿಗೆ ಕಟ್ಟಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಹಿರಿಯೂರಿನ ಕಡೆ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು.

ಅದೇ 'ರನ್ಸ್ ಓವರ್' ರಸ್ತೆಗೆ ಬಂದರೆ ಅಪಘಾತ. ಹೆದ್ದಾರಿಯಲ್ಲಿ ಲಾರಿ ನಾಯಿಯ ಮೇಲೆ ರನ್ ಓವರ್ ಆಯಿತು. ಇಲ್ಲಿ ಕನ್ನಡ ಓಡು ಅನ್ನುವುದನ್ನು ಬಿಟ್ಟು ನೀರಿನ ಪದವನ್ನೇ ತರುತ್ತದೆ. ಲಾರಿ ನಾಯಿಯ ಮೇಲೆ ಹರಿಯಿತು. ಇನ್ನು ದಾವಣಗೆರೆ, ಚಿತ್ರದುರ್ಗ ಎರಡರ ಪಕ್ಕದಲ್ಲೂ ಇರುವ 48ನೇ ನಂಬರಿನ ಹೆದ್ದಾರಿ ಇಂಗ್ಲಿಷಿನಲ್ಲಿ ರನ್ ಆಗುತ್ತದೆ. ನಮ್ಮಲ್ಲಿ ಅದು ಹಾದು ಹೋಗುತ್ತದೆ.

ಸಣ್ಣ ಪುಟ್ಟವು ಇನ್ನೂ ಇವೆ. ನೆಗಡಿಯಾದರೆ ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಹೊಸ ಸೀರೆ ನೆನೆಸಿದರೆ ಅವರ ಬಣ್ಣ ಓಡುತ್ತದೆ, ನಮ್ಮ ಸೀರೆ ಬಣ್ಣ ಬಿಡುತ್ತದೆ. ಅಕ್ಕಿ ತೀರಿದರೆ ಅವರಿಗೆ ರನ್ ಔಟ್. ನಮಗೆ ರನ್ ಔಟ್ ಅಂದರೆ ಕ್ರಿಕೆಟ್ ಮಾತ್ರ.

ಕೊನೆಗೆ ಚುನಾವಣೆ. ಇದರಲ್ಲಿ ಇಂಗ್ಲಿಷಿನವರಲ್ಲೇ ಒಮ್ಮತ ಇಲ್ಲ. ಅಮೆರಿಕದವರು ಚುನಾವಣೆಗೆ ರನ್ ಮಾಡುತ್ತಾರೆ, ಅಂದರೆ ಓಡುತ್ತಾರೆ. ಬ್ರಿಟನ್ನಿನವರು ಸ್ಟ್ಯಾಂಡ್ ಮಾಡುತ್ತಾರೆ, ಅಂದರೆ ನಿಲ್ಲುತ್ತಾರೆ. ನಮ್ಮವರೂ ಬ್ರಿಟನ್ನಿನವರ ಹಾಗೇ ಚುನಾವಣೆಗೆ ನಿಲ್ಲುತ್ತಾರೆ. ನಿಲ್ಲುವ ಮೊದಲು ಟಿಕೆಟ್ಟಿಗೆ ಬೆಂಗಳೂರಿಗೂ ದಿಲ್ಲಿಗೂ ಎಷ್ಟು ಓಡಾಡುತ್ತಾರೆ ಅನ್ನುವುದು ನಿಮಗೇ ಗೊತ್ತು. ನಮಸ್ಕಾರ.